ಹಿಂದಿನ ಸಾಲಿನಲ್ಲಿ ಸದಾಶಿವ

ಫೋಟೋ ಕೆಲಸಕ್ಕೆ ಕುಳಿತರೆ ಕಣ್ಣು ಹೋಗುತ್ತದೆ, ನಡ ಹಿಡಿಯುತ್ತದೆ ಎಂದು ನಿಮಗೆ ಎಲ್ಲರೂ ಹೇಳುತ್ತಾರೆ. ಅಂಜಿಕೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಉಗಾರ ಖುರ್ದದಲ್ಲಿ ಸಕ್ಕರೆ ಫ್ಯಾಕ್ಟರಿಗೆ ಹೋಗುವ ರಸ್ತೆಯ ಮೇಲಿನ ಒಂದು ಸ್ಟುಡಿಯೋದಲ್ಲಿ, ನನ್ನ ಮಗಳು ಶಾಲೆ ಸೇರಿದಾಗಿನಿಂದ ಅವಳಿಗೊಂದು ಮಗಳಾಗುವವರೆಗೆ, ನಾನು ಕಂಪ್ಯೂಟರಿನ ಮುಂದೆ ಕುಳಿತೆ. ಹೋದ ವರ್ಷ ಬಿಟ್ಟೆ. ಈಗ ಕಾಗವಾಡದ ಕಡೆಯಿಂದ ಹುಡುಗಿಯರು ಮನೆಗೆ ಬಂದು, "ಮಾವಶಿ, ಲೇಯರ್ ಹೆಂಗ ಜೋಡಸೂದು ಹೇಳಿಕೊಡ್ರಿ" ಎನ್ನುತ್ತಾರೆ. ಜೋಡಿಸುವುದನ್ನು ಮೊಬೈಲಿನಲ್ಲಿ ನೋಡಿಯೂ ಕಲಿಯಬಹುದು. ನಾನು ಹೇಳಬೇಕಾದದ್ದು ಬೇರೆ ಇದೆ.

ನಾನು ಹೆಚ್ಚು ಓದಿದವಳಲ್ಲ. ಬೆಳಿಗ್ಗೆ ಬಸ್ತಿಗೆ ಹೋಗಿ ದೇವರ ದರ್ಶನ ಮಾಡಿ, ರೊಟ್ಟಿ ಬಡಿದು, ಮನೆಯವರ ಡಬ್ಬಿ ಕಟ್ಟಿ ಅಂಗಡಿಗೆ ಹೋಗುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ನಾವು ಜೈನರು ಉಣ್ಣುವುದಿಲ್ಲ. ಹಾಗಾಗಿ ಸಂಜೆ ಬೇಗ ಬಿಡುತ್ತಿದ್ದರು, ಅದೂ ಒಂದು ಪುಣ್ಯ. ಸ್ಟುಡಿಯೋ ಬಾಬು ಮಾಮಾ ಅವರದು. ನಮ್ಮ ಮನೆಯವರ ಸೋದರಮಾವ, ಬೈಯುತ್ತಲೇ ಚಹಾ ತರಿಸುವ ಮನುಷ್ಯ. ಅವರ ಹಳೆಯ ಆಪರೇಟರ್ ಮಿರಜಿಗೆ ಹೋಗಿಬಿಟ್ಟ. "ಪದ್ಮಾ, ನಿನಗ ರಂಗೋಲಿ ಬರತೈತಿ, ಓದಾಕ ಬರತೈತಿ. ಇನ್ನೇನ ಬೇಕು, ಬಾ ಕುಂಡ್ರ" ಎಂದರು. ಕುಳಿತೆ.

ಲೇಯರ್ ಎಂದರೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಒಂದು ಹಾಳೆಯಲ್ಲಿ ದೇವರು, ಒಂದರಲ್ಲಿ ಮನುಷ್ಯ, ಒಂದರಲ್ಲಿ ಹೂವು, ಒಂದರಲ್ಲಿ ಅಕ್ಷರ. ಮೇಲಿನ ಹಾಳೆಯಲ್ಲಿದ್ದದ್ದು ಮುಂದೆ ಕಾಣುತ್ತದೆ, ಕೆಳಗಿನದು ಅದರ ಹಿಂದೆ ಮರೆಯಾಗುತ್ತದೆ. ಪರದೆಯ ಬಲಗಡೆ ಈ ಹಾಳೆಗಳ ಸಾಲು ಇರುತ್ತದೆ. ಪ್ರತಿಯೊಂದರ ಸಣ್ಣ ಚಿತ್ರ, ಅದರ ಪಕ್ಕ ಒಂದು ಕಣ್ಣಿನ ಗುರುತು. ಕಣ್ಣು ಮುಚ್ಚಿದರೆ ಆ ಹಾಳೆ ಕಾಣುವುದಿಲ್ಲ, ಆದರೆ ಅಲ್ಲೇ ಇರುತ್ತದೆ. ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಅಂಜಿಕೆ.

ನನಗೆ ಮೊದಲು ಬಂದ ಕೆಲಸ ಬಸ್ತಿಯ ಪೂಜೆಯ ಫ್ಲೆಕ್ಸ್. ಹಿಂದೆ ಪಾರ್ಶ್ವನಾಥ ಸ್ವಾಮಿ, ಮುಂದೆ ದಾನಿಗಳು. ಸಾಲು ನೋಡಿದೆ, ಜೀವ ಝಲ್ ಎಂದಿತು. ಸ್ವಾಮಿಯ ಹಾಳೆ ಎಲ್ಲಕ್ಕಿಂತ ಕೆಳಗೆ! ದಾನಿಗಳ ಬೂಟಿನ ಕಾಲು ಸ್ವಾಮಿಯ ಮಡಿಲ ಮೇಲೆ. ಮಾಮಾ ಚಹಾಕ್ಕೆ ಹೋದಾಗ ಮೆಲ್ಲಗೆ ಸ್ವಾಮಿಯನ್ನು ಎಳೆದು ಸಾಲಿನ ಮೇಲ್ತುದಿಗೆ ಇಟ್ಟೆ. ದಾನಿಗಳೆಲ್ಲ ಮಾಯ! ಹೆಸರು, ತಿಥಿ, ಪ್ರಸಾದದ ವೇಳೆ ಎಲ್ಲ ಮಾಯ. ಮಷೀನು ಕೆಟ್ಟಿತೆಂದು ತಿಳಿದು ಸೆರಗು ಬಾಯಿಗೆ ಹಿಡಿದು ಕುಳಿತಿದ್ದೆ. ಮಾಮಾ ಬಂದು ನೋಡಿದರು.

"ಎಲ್ಲಾರನ್ನೂ ಎಲ್ಲಿ ಕಳಸೀದಿ?"

"ಮಾಮಾ, ದೇವರನ್ನ ಮಂದಿ ಕೆಳಗ ಹೆಂಗ ಇಡೂದ್ರಿ?"

"ಹುಚ್ಚಿ, ಎಲ್ಲಾರನ್ನೂ ಹೊತ್ತಾವ ಕೆಳಗಽ ಇರತಾನ. ಮ್ಯಾಲ ಕುಂತರ ನಮ್ಮ ಗತಿ ಏನ?"

ಆ ಮಾತಿನಿಂದ ನನಗೆ ಎಷ್ಟೋ ವರ್ಷ ಸಮಾಧಾನ ಸಿಕ್ಕಿತು. ಆದರೂ ಅಂದಿನಿಂದ ದಾನಿಗಳನ್ನು ಸೊಂಟದವರೆಗೆ ಮಾತ್ರ ಕತ್ತರಿಸುತ್ತಿದ್ದೆ. ಕಾಲೇ ಇಲ್ಲದ ಮೇಲೆ ದೇವರಿಗೆ ತಾಗುವ ಮಾತೂ ಇಲ್ಲ. "ಏನ್ರೀ, ನಮ್ಮ ಹೊಸ ಬೂಟ ಕಾಣೂದಿಲ್ಲಲ್ಲಾ?" ಎಂದು ಒಬ್ಬರು ಕೇಳಿದಾಗ ಮಾಮಾ, "ಫ್ಲೆಕ್ಸ್ ಸಣ್ಣದು, ನೀವು ದೊಡ್ಡವರು" ಎಂದು ಸಂಭಾಳಿಸಿದರು.

ಎರಡನೆಯ ಅಂಜಿಕೆ ಹಾರದ್ದು. ಹುಡುಗಿಯರೇ, ಇದನ್ನು ನೆನಪಿಡಿ. ಬದುಕಿರುವವರ ಹಾರ ಕೊರಳಿಗೆ ಇರಬೇಕು. ಅಂದರೆ ಹಾರದ ಹಿಂಭಾಗ ತಲೆಯ ಹಾಳೆಯ ಕೆಳಗೆ ಹೋಗಬೇಕು, ಮುಂಭಾಗ ಎದೆಯ ಮೇಲೆ ಬರಬೇಕು. ಹೋದವರ ಹಾರ ಚೌಕಟ್ಟಿಗೆ, ಎಲ್ಲ ಹಾಳೆಗಳ ಮೇಲೆ. ಹೂವು ಅದೇ, ದಾರ ಅದೇ. ಒಂದು ಹಾಳೆ ಮೇಲೆ ಹೋಯಿತೋ, ಕುಳಿತಿದ್ದ ಮನುಷ್ಯನನ್ನು ನೀವೇ ಕಳಿಸಿಕೊಟ್ಟಂತೆ. ಗಡಿಯಾಚೆಯ ಒಂದು ಅಂಗಡಿಯಲ್ಲಿ ಹೀಗೇ ಆಗಿತ್ತಂತೆ. ಒಬ್ಬ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಹಾರ ಮೇಲೆ ಬಿತ್ತು. ಬೆಳಿಗ್ಗೆ ಸರ್ಕಲ್ಲಿನಲ್ಲಿ ಅದನ್ನು ಮೊದಲು ನೋಡಿದವಳು ಅವನ ಹೆಂಡತಿ. ಆಮೇಲೆ ಅಂಗಡಿಯ ಗಾಜು ಉಳಿಯಲಿಲ್ಲ. ಪುಢಾರಿ ಗಟ್ಟಿಯಾಗಿ ಉಳಿದ, ಅದೇ ದೇವರ ದಯೆ.

ಈ ಸುದ್ದಿ ಕೇಳಿದ ದಿನ ಮಾಮಾ ಒಂದು ನೇಮ ಮಾಡಿದರು. "ಹುಟ್ಟುಹಬ್ಬದ ಫೈಲಿಗೆ ಮಣ್ಣಿನ ಫೈಲ್ ತಾಗಬಾರದು." ನಮ್ಮ ಕಡೆ ಸತ್ತವರ ಕಾರ್ಯಕ್ಕೆ ಮಣ್ಣು ಎನ್ನುತ್ತಾರೆ. ಶ್ರದ್ಧಾಂಜಲಿಯ ಫೋಟೋಗಳನ್ನು ಬೇರೆ ಇಟ್ಟೆವು. ಹೊಸದು ಬಂದರೆ ಹಿಂದಿನವರ ಫೈಲನ್ನೇ ತೆರೆದು, ಅವರ ಮುಖ ತೆಗೆದು, ಈಗ ಹೋದವರ ಮುಖ ಇಡುವುದು. ಎಲ್ಲ ಅಂಗಡಿಗಳಲ್ಲೂ ಹೀಗೇ ಮಾಡುತ್ತಾರೆ, ಬೇಗ ಆಗುತ್ತದೆ. ನಾನು ಹಿಂದಿನ ಮುಖ ಅಳಿಸುವ ಮೊದಲು ಒಮ್ಮೆ ಣಮೋಕಾರ ಮಂತ್ರ ಹೇಳುತ್ತಿದ್ದೆ. "ಏನ ಗುನುಗತಿ?" ಎಂದು ಮಾಮಾ ಕೇಳಿದರೆ "ಲೆಕ್ಕ ಹಾಕಾಕತ್ತೀನ್ರಿ" ಎನ್ನುತ್ತಿದ್ದೆ.

ಈಗ ನಿಮಗೆ ಎಲ್ಲ ಸಸಾರ. ನಾವು ಮೌಸ್ ಹಿಡಿದು ಒಂದೊಂದು ಕೂದಲಿನ ಸುತ್ತ ಕತ್ತರಿಸುತ್ತಿದ್ದೆವು. ಈಗ ಮೊಬೈಲ್ ಒಂದು ಸಲ ಮುಟ್ಟಿದರೆ ಮನುಷ್ಯ ಹಿನ್ನೆಲೆಯಿಂದ ಎದ್ದು ಬರುತ್ತಾನೆ. ನಾವು ಕತ್ತರಿಸುವಾಗ ಒಬ್ಬರ ಮುಖದ ಜೊತೆ ಅರ್ಧ ದಿನ ಕಳೆಯುತ್ತಿದ್ದೆವು. ಕಿವಿಯ ಮೇಲಿನ ಮಚ್ಚೆ, ಹಲ್ಲಿನ ಸಂದು ಎಲ್ಲ ಗುರುತಾಗುತ್ತಿತ್ತು. ಹಾಗಾಗಿ ಅವರು ಹೋದ ಸುದ್ದಿ ಬಂದಾಗ ಮನೆಯ ಮಂದಿಯೇ ಹೋದ ಹಾಗೆ ಅನಿಸುತ್ತಿತ್ತು.

ಸದಾಶಿವನನ್ನು ನಾನು ಹಾಗೆ ಗುರುತಿಸಿದ್ದೆ. ಟ್ಯಾಂಕರ್ ಓಡಿಸುತ್ತಿದ್ದ, ಗುಜರಾತಿನವರೆಗೆ ಹೋಗುತ್ತಿದ್ದ. ಹೆಂಡತಿ ಮಕ್ಕಳು ಪುಣೆಯಲ್ಲಿ, ಊರೆಲ್ಲ ಆಯಿ ಎನ್ನುವ ತಾಯಿ ಅಂಬಕ್ಕ ಮತ್ತು ಅಣ್ಣ ಬಾಳಣ್ಣ ಇಲ್ಲಿ ಉಗಾರದಲ್ಲಿ. ಲೈಸೆನ್ಸಿನ ಫೋಟೋಕ್ಕೆಂದು ಬಂದವನು, "ಅಕ್ಕಾ, ಒಂದ ನಿಂತದ್ದೂ ತಗೀರಿ" ಎಂದು ಗೆಳೆಯನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ಯಾರ ಪಕ್ಕ ನಿಂತರೂ ಕೈ ಹೆಗಲ ಮೇಲೆ ಹೋಗಲೇಬೇಕು, ಅಂಥ ಹುಡುಗ.

ಒಂದು ದಿನ ಬಾಳಣ್ಣ ತಲೆ ಬೋಳಿಸಿಕೊಂಡು ಅಂಗಡಿಗೆ ಬಂದ. ಕೂಡಲಿಲ್ಲ. "ಅಕ್ಕಾ, ಸದಾ ಹೋದ. ಗಾಡಿ ಪಲ್ಟಿ ಆತು. ಮಣ್ಣ ಪುಣಾದಾಗಽ ಮುಗಿಸಿ ಬಂದೀನಿ" ಎಂದ. ಪುಣೆಯ ಮನೆಗೆ ಒಂದು ಫೋಟೋ ಬೇಕಿತ್ತು. "ಆದ್ರ ಊರಾಗ ಒಂದೂ ಬೋರ್ಡ್ ಹಚ್ಚಬ್ಯಾಡ್ರಿ. ಆಯಿಗೆ ಹೇಳಿಲ್ಲ. ಆಕಿ ಎದಿಯೊಳಗ ಸ್ಪ್ರಿಂಗ್ ಹಾಕ್ಯಾರ. ಧಕ್ಕಾ ಆದ್ರ ತಡಿಯೂದಿಲ್ಲಂತ ಡಾಕ್ಟರ್ ಹೇಳ್ಯಾನ. ತಲಿ ಯಾಕ ಬೋಳಿಸೀದಿ ಅಂದ್ರ ತಿರುಪತಿ ಹರಕಿ ಅಂದೀನಿ."

ಗೆಳೆಯನನ್ನು ಕತ್ತರಿಸಿ, ಸದಾಶಿವನನ್ನು ಒಂಟಿಯಾಗಿ ತೆಗೆದು, ಎಲ್ಲಕ್ಕಿಂತ ಮೇಲೆ ಹಾರ ಇಟ್ಟು ಕೊಟ್ಟೆ. ಅಂದು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ.

ಆ ಸಂಕಟ ಆರುವ ಮೊದಲೇ ಬಾಳಣ್ಣ ಮತ್ತೆ ಬಂದ. ಅಂಬಕ್ಕ ಆಯಿಗೆ ಎಂಬತ್ತು ತುಂಬಿದ ಕಾರ್ಯ, ಸಹಸ್ರಚಂದ್ರ ದರ್ಶನ, ಮೊದಲೇ ನಿಗದಿಯಾಗಿತ್ತು. ಊರಿಗೆಲ್ಲ ಕರೆ ಹೋಗಿತ್ತು. ನಿಲ್ಲಿಸಿದರೆ ಆಯಿಗೆ ಸಂಶಯ. ಸೂತಕದಲ್ಲಿ ಕಾರ್ಯ ಹೇಗೆ ಎಂದು ಹೆದರಿ ಬಾಳಣ್ಣ ಮಠದ ಸ್ವಾಮಿಗಳನ್ನು ಕೇಳಿದರೆ, "ಹೆತ್ತ ಜೀವ ಉಳಸೂದು ದೊಡ್ಡದು, ನಡಸು" ಎಂದರಂತೆ. ವೇದಿಕೆಯ ಹಿಂದೆ ಮನೆಮಂದಿಯೆಲ್ಲ ಇರುವ ಫ್ಲೆಕ್ಸ್ ಬೇಕು. ನಡುವೆ ಆಯಿ, ಸುತ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು.

"ಸದಾನೂ ಇರಬೇಕ್ರಿ ಅಕ್ಕಾ. ಬಿಟ್ಟರ ಕೇಳ್ತಾಳ."

"ಬಾಳಣ್ಣಾ, ಹೋದವರನ್ನ ಇದ್ದವರ ಸಾಲಿನೊಳಗ..."

"ಗೊತ್ತೈತ್ರಿ. ನನಗೂ ಅಂಜಿಕಿ ಐತಿ. ಏನ ಮಾಡ್ಲಿ?"

ಅವನ ಬೋಳು ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು. ಆಗಲಿ ಎಂದೆ.

ಸದಾಶಿವ ಇದ್ದದ್ದು ಮಣ್ಣಿನ ಫೈಲಿನಲ್ಲಿ. ಅಲ್ಲಿಂದ ಅವನನ್ನು ಈ ಫೈಲಿಗೆ ತಂದಾಗ ಅವನ ಹಾರವೂ ಜೊತೆಗೆ ಬಂತು. ಅದನ್ನು ಅಳಿಸಿಬಿಡಬೇಕಿತ್ತು. ಹೋದವರಿಗೆ ಏರಿಸಿದ ಹಾರವನ್ನು ಕಿತ್ತು ತೆಗೆಯಲು ನನ್ನ ಕೈ ಬರಲಿಲ್ಲ. ಆ ಹಾಳೆಯ ಕಣ್ಣು ಮುಚ್ಚಿದೆ. ಹಾರ ಕಾಣಲಿಲ್ಲ, ಸಾಕು ಎಂದುಕೊಂಡೆ.

ಇನ್ನು ಅವನನ್ನು ಎಲ್ಲಿ ನಿಲ್ಲಿಸುವುದು? ಬಾಳಣ್ಣನ ಮಗ ಓಂಕಾರನ ಪಕ್ಕದಲ್ಲಿ ಜಾಗವಿತ್ತು. ಇಟ್ಟೆ. ಗೆಳೆಯನ ಹೆಗಲ ಮೇಲಿದ್ದ ಆ ಕೈ ನೇರ ಹೋಗಿ ಓಂಕಾರನ ಹೆಗಲ ಮೇಲೆ ಕುಳಿತಿತು. ಹೊಲಿದಿಟ್ಟ ಹಾಗೆ ಸರಿಯಾಗಿ ಕುಳಿತಿತು. ಸತ್ತವನ ಕೈ, ಮೀಸೆ ಕೂಡ ಮೂಡದ ಕೂಸಿನ ಮೇಲೆ. ಗಡಬಡಿಸಿ ಸದಾಶಿವನನ್ನು ಎಳೆದು ಎಲ್ಲ ಮನುಷ್ಯರ ಹಾಳೆಗಳ ಕೆಳಗೆ ಹಾಕಿದೆ. ಈಗ ಎರಡು ತಲೆಗಳ ಸಂದಿನಲ್ಲಿ ಅವನ ಮುಖ, ಸ್ವಲ್ಪ ಕಾಲರು ಮಾತ್ರ ಕಾಣುತ್ತಿತ್ತು. ಕೈ ಮರೆಯಾಗಿತ್ತು.

ಮಾಮಾ ಹಿಂದಿನಿಂದ ನೋಡಿದರು. "ಅವನ್ನ ಯಾಕ ಸಂದ್ಯಾಗ ತುರುಕೀದಿ?"

"ಕೈ ಮಾಮಾ... ಕೂಸಿನ ಮ್ಯಾಲ..."

ಬೈಯುವ ಮನುಷ್ಯ ಬೈಯಲಿಲ್ಲ. "ಇರಲಿ ಬಿಡು" ಎಂದು ಹೊರಗೆ ಹೋದರು.

ಆಯಿಯ ಹೊಸ ಫೋಟೋ ಬೇಕಾಗಿತ್ತು. ಬಾಳಣ್ಣ ಕರೆದುಕೊಂಡು ಬಂದ. ಗುಬ್ಬಿಯಷ್ಟು ಜೀವ, ಹಸಿರು ಇಳಕಲ್ ಸೀರೆ, ಕಣ್ಣು ಮಾತ್ರ ಸೂಜಿ. ಬಂದವರೇ ಮಾಮಾಗೆ, "ಬಾಬೂ, ನನ್ನ ಸುಕ್ಕ ತಗೀಬ್ಯಾಡ ನೋಡ. ಎಂಬತ್ತ ವರ್ಷ ದುಡದ ಗಳಿಸೀನಿ" ಎಂದರು.

"ತಗದ್ರ ನಿಮ್ಮನ್ನ ಬಾಳಣ್ಣನ ತಂಗಿ ಅಂತಾರ ಆಯಿ."

"ಅಂದ್ರ ಅನ್ನಲಿ. ಅವನಕಿಂತ ನನ್ನ ತಲ್ಯಾಗಽ ಕೂದಲ ಹೆಚ್ಚ ಅದಾವ."

ಎಲ್ಲರೂ ನಕ್ಕೆವು. ಬಾಳಣ್ಣ ತಲೆ ಸವರಿಕೊಂಡ, ನಗುವುದಕ್ಕೆ ಅವನಿಂದ ಆಗಲಿಲ್ಲ. ಫೋಟೋ ತೆಗೆದಾಯಿತು. ಪರದೆಯ ಮೇಲೆ ಆಯಿಯ ಕೊರಳಿಗೆ ಹಾರವನ್ನೂ ಹಾಕಿ ತೋರಿಸಿದೆ, ಹಿಂಭಾಗ ತಲೆಯ ಕೆಳಗೆ, ಮುಂಭಾಗ ಎದೆಯ ಮೇಲೆ. ಆ ಹೊತ್ತಿಗೆ ಬಾಳಣ್ಣನಿಗೆ ಫೋನ್ ಬಂದು ಹೊರಗೆ ಹೋದ. ಮಾಮಾ ಒಳಗೆ ಪ್ರಿಂಟ್ ತೆಗೆಯುತ್ತಿದ್ದರು. ಆಯಿ ಸ್ಟೂಲ್ ಎಳೆದು ನನ್ನ ಪಕ್ಕ ಕುಳಿತರು.

"ತೋರಸು, ನನ್ನ ಮಂದಿ ಎಲ್ಲಿ?"

ಮುಚ್ಚಿಡುವುದಕ್ಕೆ ನೆಪ ಸಿಗಲಿಲ್ಲ. ಒಬ್ಬೊಬ್ಬರನ್ನೇ ಬೆರಳಿಟ್ಟು ಹೆಸರು ಹೇಳಿದರು. ಬೆರಳು ಒಂದು ಕಡೆ ನಿಂತಿತು.

"ಸದಾ ಎಲ್ಲಿ?"

"ಇಲ್ಲಿ ಅದಾರಲ್ರಿ, ಹಿಂದಿನ ಸಾಲಿನ್ಯಾಗ."

ಮುಖ ಪರದೆಯ ಹತ್ತಿರ ತಂದು ನೋಡಿದರು. "ಇವನ್ಯಾಕ ಇಷ್ಟ ಹಿಂದ?"

"ಜಾಗಾ ಸಾಲಲಿಲ್ರಿ ಆಯಿ."

"ಜಾಗಾ ಐತಲ್ಲ, ಓಂಕಾರನ ಬಾಜೂಕ. ಅವನ ಕೈ ಎಲ್ಲಿ? ಒಬ್ಬರ ಹೆಗಲಿಗೆ ಕೈ ಹಾಕದ ನಿಂದ್ರಾಂವ ಅಲ್ಲ ಅವಾ. ಮುಂದ ತಾ."

ಸದಾಶಿವನನ್ನು ಹಿಡಿದು ಒಂದೊಂದೇ ಹಾಳೆ ದಾಟಿಸಿ ಮೇಲೆ ತಂದೆ. ಕೈ ಓಂಕಾರನ ಹೆಗಲ ಮೇಲೆ ಬಂದು ಕುಳಿತಿತು. ನನಗೆ ತಿಳಿಯದೆಯೇ ಬಾಯಿ ಮಂತ್ರ ಹೇಳುತ್ತಿತ್ತು. ಆಯಿ ಈಗ ಪರದೆ ನೋಡುತ್ತಿರಲಿಲ್ಲ, ನನ್ನ ತುಟಿ ನೋಡುತ್ತಿದ್ದರು. ಆಮೇಲೆ ಬಲಗಡೆಯ ಸಾಲು ನೋಡಿದರು. ಸದಾಶಿವನನ್ನು ಎಳೆದಾಗ ಅವನಿಗೆ ಅಂಟಿಕೊಂಡಿದ್ದ, ಕಣ್ಣು ಮುಚ್ಚಿದ ಹಾಳೆಯ ಸಣ್ಣ ಚಿತ್ರವೂ ಮೇಲೆ ಬಂದು ಕುಳಿತಿತ್ತು.

"ಇದು ಹಾರಲ್ಲ?"

"ಹೌದ್ರಿ. ನಿಮ್ಮ ಕೊರಳಿಂದು."

"ನಂದು ಅಲ್ಲಿ ಕೆಳಗ ಐತಿ, ಈಗ ಹಾಕಿದ್ದು ನಾ ನೋಡೀನಿ. ಇದು ಯಾರದು?"

ಹುಡುಗಿಯರೇ, ಎಷ್ಟೋ ಸಲ ಕರೆಂಟು ಹೋಗಿ ದಿನದ ಕೆಲಸವೆಲ್ಲ ನಾಶವಾದಾಗ ಅಂಜಿದ್ದೇನೆ. ಅದು ಅಂಜಿಕೆಯೇ ಅಲ್ಲ. ಆ ಸ್ಟೂಲಿನ ಮೇಲೆ ಕುಳಿತ ಎದೆ ನಿಂತುಬಿಟ್ಟರೆ ಕೊಂದವಳು ನಾನು. ಗಾಜಿನ ಬಾಗಿಲಾಚೆ ಬಾಳಣ್ಣನ ಬೆನ್ನು ಕಾಣುತ್ತಿತ್ತು. ಆ ಸಣ್ಣ ಚಿತ್ರವನ್ನು ಅಂಗೈಯಿಂದ ಮುಚ್ಚಿದೆ. ಮುಚ್ಚಿದ್ದೇ ಉತ್ತರವಾಯಿತು.

ಆಯಿ ಸ್ಟೂಲಿನ ಅಂಚು ಹಿಡಿದರು. ನಾನು ನೀರಿನ ತಂಬಿಗೆ ಕೊಟ್ಟೆ. ಎರಡು ಗುಟುಕು ಕುಡಿದರು.

"ಬಾಳಣ್ಣನ್ನ ಕರೀಲೇನ್ರಿ?"

"ಬ್ಯಾಡ. ಮಣ್ಣ ಸರಿಯಾಗಿ ಆತೇನ?"

"ಆತ್ರಿ. ಬಾಳಣ್ಣ ಹೋಗಿದ್ರು."

"ಹಂಗಾರ ಅದು ತಿರುಪತಿ ಅಲ್ಲ." ಬಾಗಿಲಾಚೆಯ ಬೋಳು ತಲೆಯ ಕಡೆ ನೋಡಿದರು. "ಪಾಪ, ನನ್ನ ಬಾಳ್ಯಾ. ಒಬ್ಬಾಂವ ಹೊತ್ತಾನ."

ನಾನು ಅಳತೊಡಗಿದೆ. ಅವರು ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದರು, ಬೆರಳು ಐಸಿನಂತಿದ್ದವು. "ಕಣ್ಣ ಒರಸಿಕೋ. ಊರಿಗೆಲ್ಲಾ ಉಣ್ಣಾಕ ಹೇಳ್ಯಾನ ಅವಾ. ನನಗ ಗೊತ್ತಾತಂದ್ರ ಯಾರೂ ತುತ್ತ ಎತ್ತೂದಿಲ್ಲ. ಬಾಳ್ಯಾ ತಾನಽ ಹೇಳೂತನಕ ನೀ ಬಾಯಿ ಬಿಡಬಾರದು. ಆಣಿ ಮಾಡ."

"ಆಯಿ, ನಿಮ್ಮ ಎದಿ..."

"ನನ್ನ ಎದಿ ನಾ ನೋಡಕೊಂತೀನಿ. ಸದಾ ಅಲ್ಲೇ ಇರಲಿ, ಮುಂದ. ಕೂಸಿಗೆ ಏನೂ ಆಗೂದಿಲ್ಲ, ಕಾಕಾನ ಕೈ ಅದು."

ಬಾಗಿಲು ತೆರೆಯಿತು. "ಆತೇನ ಆಯಿ?" ಎಂದ ಬಾಳಣ್ಣ.

"ಆತು. ಈ ಪದ್ಮಾ ಸದಾನ್ನ ಹಿಂದ ತುರುಕಿದ್ದಳು. ಬೈದು ಮುಂದ ತರಿಸೀನಿ. ನಡಿ, ಹಸಿವ್ಯಾಗೇತಿ."

ಬಾಳಣ್ಣ ನನ್ನನ್ನು ನೋಡಿದ. ನಾನು ಪರದೆ ನೋಡಿದೆ.

ಕಾರ್ಯದವರೆಗಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಆಂಬುಲೆನ್ಸ್ ಕೂಗಿದರೆ ಬಾಗಿಲಿಗೆ ಓಡುತ್ತಿದ್ದೆ. ಒಪ್ಪತ್ತು ಊಟ ಹಿಡಿದೆ. ಬೆಳಿಗ್ಗೆ ಬಸ್ತಿಗೆ ಹೋಗುವಾಗ ಸುತ್ತುಹಾಕಿ ಅವರ ಓಣಿಯಿಂದಲೇ ಹೋಗುತ್ತಿದ್ದೆ. ಆಯಿ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿರುವುದು ಕಂಡರೆ ಅಂದಿನ ದಿನ ಗೆದ್ದಂತೆ.

ಕಾರ್ಯದ ದಿನ ಮಂಗಲ ಕಾರ್ಯಾಲಯದಲ್ಲಿ ಜನವೋ ಜನ. ಹಿಂದೆ ನನ್ನ ಫ್ಲೆಕ್ಸ್, ಅದರ ಮುಂದೆ ಕುರ್ಚಿಯಲ್ಲಿ ಆಯಿ. ಕೊರಳಲ್ಲಿ ನಿಜದ ಹಾರ, ಅವರ ಭುಜದ ಮೇಲುಗಡೆ ಸರಿಯಾಗಿ ಸದಾಶಿವನ ಮುಖ. ಅವರನ್ನು ಸಕ್ಕರೆಯಲ್ಲಿ ತೂಗಿದರು. "ಅರ್ಧ ಚೀಲಕ್ಕ ಏಳಾಕತ್ತೀನಿ, ಫ್ಯಾಕ್ಟರಿಗೆ ಲಾಭಽ ಆತು" ಎಂದು ನಗಿಸಿದರು. ಎಂಬತ್ತು ದೀಪ ಬೆಳಗಿದರು. ಯಾರೋ, "ಸಣ್ಣ ಮಗಾ ಬರಲಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟರು. ಬಾಳಣ್ಣನ ಕೈಯಲ್ಲಿದ್ದ ತಟ್ಟೆ ವಾಲಿತು.

"ಬಂದಾನಲ್ಲ, ಹಿಂದಽ ನಿಂತಾನ ನೋಡ್ರಿ" ಎಂದು ಆಯಿ ಹೆಬ್ಬೆರಳಿನಿಂದ ಫ್ಲೆಕ್ಸ್ ತೋರಿಸಿದರು. ಕೇಳಿದವರು ನಕ್ಕರು. ಆಯಿಯ ಇನ್ನೊಂದು ಕೈ ಎದೆಯ ಮೇಲೆ ಹೋಯಿತು. ನಾನು ಎದ್ದು ನಿಂತೆ. ಸೆರಗು ಸರಿಮಾಡಿಕೊಂಡು ಕೈ ಕೆಳಗಿಳಿಯಿತು. ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ತುತ್ತು ಎತ್ತಿದವರು ಅವರೇ. ಅವರು ಎತ್ತಿದರೆಂದು ಊರು ಉಂಡಿತು.

ಮಧ್ಯಾಹ್ನ ಮಂದಿ ಚದುರಿದ ಮೇಲೆ, ಅವರ ಮನೆಯ ಹಿತ್ತಲಲ್ಲಿ ನಾನು ಪಾತ್ರೆ ತೊಳೆಯುವವರಿಗೆ ಕೈ ಕೂಡಿಸಿದ್ದೆ. ಬಾಳಣ್ಣ ಬಂದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಅಕ್ಕಾ, ಈಗ ಹೇಳಬೇಕ್ರಿ. ಇನ್ನ ಮುಚ್ಚಾಕ ಆಗೂದಿಲ್ಲ. ಡಾಕ್ಟರನ್ನ ಪಡಸಾಲಿಯೊಳಗ ಕುಂಡ್ರಿಸೀನಿ. ಏನಾರ ಆದ್ರ?"

ಆಯಿಗೆ ಆಣೆ ಮಾಡಿದ್ದೆ. ಅವನ ಭಾರ ಇಳಿಸುವ ಒಂದು ಮಾತು ನನ್ನ ಬಾಯಲ್ಲಿತ್ತು, ಆಡುವ ಹಾಗಿರಲಿಲ್ಲ. "ಹೇಳ್ರಿ ಬಾಳಣ್ಣಾ. ತಡೀತಾರ" ಎಂದಷ್ಟೇ ಅಂದೆ.

"ಹೆಂಗ ಹೇಳ್ತೀರಿ?"

"ದೇವರ ಅದಾನ. ಹೋಗ್ರಿ."

ಅವನು ಒಳಗೆ ಹೋದ. ಕೋಣೆಯ ಬಾಗಿಲು ಮುಚ್ಚಿತು.

ನಾನು ಒದ್ದೆ ಬೋಗುಣಿ ಹಿಡಿದು ಅಲ್ಲೇ ನಿಂತೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಬಾಳಣ್ಣನ ದನಿಯೂ ಇಲ್ಲ, ಆಯಿಯ ದನಿಯೂ ಇಲ್ಲ. ಆಗ ನನಗೆ ಬೇರೆಯೇ ಅಂಜಿಕೆ ಹೊಕ್ಕಿತು. ಇಷ್ಟು ದಿನ ಮಗನ ದುಃಖವನ್ನು ಒಂದು ಹನಿಯೂ ಹೊರಗೆ ಬಿಡದೆ ನುಂಗಿ ಕುಳಿತ ಜೀವ. ಅದು ಒಳಗೇ ಒಡೆದಿದ್ದರೆ? ದೊಡ್ಡ ಮಗನಿಗೆ ಊರಿನ ಮುಂದೆ ಮಾನ ಉಳಿಸಿಕೊಟ್ಟು, ಕೆಲಸ ಮುಗಿಯಿತೆಂದು ಹೊರಟುಹೋಗಿದ್ದರೆ? ಡಾಕ್ಟರರ ಕುರ್ಚಿ ಸರಿದ ಸದ್ದಾಯಿತು. ಹೆಂಗಸರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದರು.

ಆಗ ಕೇಳಿಸಿತು. "ಸದಾ... ಯಪ್ಪಾ, ನನ್ನ ಸದಾ..." ಗುಬ್ಬಿಯಷ್ಟು ಮೈಯಿಂದ ಓಣಿಯ ತುದಿಗೆ ಮುಟ್ಟುವ ದನಿ. ಉಸಿರು ಎಳೆದುಕೊಳ್ಳುವುದು, ಮತ್ತೆ ಕೂಗುವುದು, ಮತ್ತೆ ಎಳೆದುಕೊಳ್ಳುವುದು. ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಓಡಿದರು. ನಾನು ಓಡಲಿಲ್ಲ. ಬೋಗುಣಿ ಕೆಳಗಿಟ್ಟೆ, ಒದ್ದೆ ಕೈಗಳನ್ನೇ ಜೋಡಿಸಿ ಮುಗಿದೆ. ಅಷ್ಟು ಜೋರಾಗಿ ಅಳುತ್ತಿರುವ ಎದೆ ನಿಂತಿಲ್ಲ.